ದಂಟಿನ ಚಿಗರಿ

ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇನ್ನು ನಾಲ್ಕು ದಿನ ಇತ್ತು. ವರ್ಷಪೂರ್ತಿ ಬಚ್ಚಲ ಮೂಲೆಯಲ್ಲಿ ಕರ್ರಗೆ ಕೂತಿರುವ ತಾಮ್ರದ ಹಂಡೆಗೆ ಆ ಒಂದು ದಿನ ಮಾತ್ರ ಮದುವಣಗಿತ್ತಿಯ ಮರ್ಯಾದೆ. ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಕಟ್ಟಿ ನೀರು ತುಂಬಬೇಕು. ಒಂದು ಮಗ್ಗುಲು ಮುಗಿದು ಕೆಂಪಗೆ ಹೊಳೆಯುತ್ತಿತ್ತು. ಇನ್ನೊಂದು ಮಗ್ಗುಲಿಗೆ ಹುಣಸೆ ಹಚ್ಚಿ ನೆನೆಯಲು ಬಿಟ್ಟಿದ್ದೆ. ಆಗ ಫೋನು ಬಂತು.

ಮೈದುನ ಮಾಡಿದ್ದ. ಸ್ಟೇಶನ್ ಬಜಾರಿನಲ್ಲಿ ಆಟೋ ಓಡಿಸುತ್ತಾನೆ. ಗಿರಾಕಿ ಇರುವ ಹೊತ್ತಿನಲ್ಲಿ ಅವನು ಫೋನು ಮಾಡುವವನೇ ಅಲ್ಲ.

“ವೈನಿ, ಅಣ್ಣನ್ನ ಫಾರೆಸ್ಟಿನವ್ರು ಕರಕೊಂಡು ಹೋಗ್ಯಾರಂತ್ರಿ. ಮಿಲ್ಲಿನ ಗೇಟಿಗೇ ಜೀಪ್ ಬಂದಿತ್ತಂತ.”

“ಯಾಕ? ಏನ್ ಮಾಡ್ಯಾರ ಅವರು?”

“ಚಿಗರಿ ಹೊಡದಾನಂತ.”

ದೇವರಾಣೆ ಹೇಳುತ್ತೇನೆ, ನನಗೆ ಮೊದಲು ಬಂದದ್ದು ನಗು. ನಮ್ಮ ಮನೆಯವರು ನಂದೂರಿನ ಬೇಳೆ ಮಿಲ್ಲಿನಲ್ಲಿ ಕಾಟಾದ ಮುಂದೆ ಕೂತು ಚೀಲ ತೂಗುವವರು. ಮನೆಯಲ್ಲಿ ಇಲಿ ಕಂಡರೆ ಬಾಗಿಲು ತೆಗೆದು, “ಹೋಗಪಾ, ಹೊರಗ ಹೋಗು” ಅಂತ ದಾರಿ ತೋರಿಸುವ ಮನುಷ್ಯ. ಅವರು ಚಿಗರಿ ಹೊಡೆದರಂತೆ, ಜಿಂಕೆ!

“ನಗಬ್ಯಾಡ್ರಿ ವೈನಿ. ತಪ್ಪು ನಂದೈತಿ.” ಮೈದುನನ ದನಿ ಅಳುವ ಹಾಗಿತ್ತು. “ದಸರಿ ಮರುದಿನ ಅಣ್ಣ ಕಟ್ಟಿ ಮ್ಯಾಲ ಕುಂತು ಶಿಕಾರಿ ಕಥಿ ಹೇಳಿದ್ನಲ್ರಿ, ಅದನ್ನ ಮೊಬೈಲಿನ್ಯಾಗ ಹಿಡದಿದ್ದೆ. ನಿನ್ನಿ ಸ್ಟೇಟಸ್ ಇಟ್ಟೆ. ಯಾರೋ ಎಲ್ಲಿಗೋ ಕಳಿಸ್ಯಾರ. ಈಗ ಬಿಲ್ಲ ತೋರಿಸು ಅಂತ ಅಣ್ಣನ್ನ ಕಮಲಾಪುರಕ್ಕ ಒಯ್ದಾರ. ಅಲ್ಲಿ ಅವ್ವ ಒಬ್ಬಾಕಿ ಅದಾಳ.”

ಆಗ ನಗು ನಿಂತಿತು.

ನಮ್ಮ ಮನೆಯ ದಸರೆಯನ್ನು ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಈಗ ಕುಸನೂರಿನಲ್ಲಿ ಇದ್ದರೂ ನಮ್ಮದು ಕಮಲಾಪುರದ ಬೇಟೆಯ ಮನೆತನ. ಬೇಟೆ ಅನ್ನುವುದು ಈಗ ಬರೀ ಹೆಸರಿಗೆ. ಹಿಂದೆ, ಕಾನೂನು ಬರುವ ಮೊದಲು, ತೊಗರಿ ಹೂ ಬಿಡುವ ದಿನಗಳಲ್ಲಿ ಗಂಡಸರು ಬಿಲ್ಲು ಹಿಡಿದು ಹೋಗುತ್ತಿದ್ದರಂತೆ. ಆ ಕಾಲದ ಒಂದು ಬಿಲ್ಲು ಉಳಿದಿದೆ. ಬಿದಿರಿನದು, ನನ್ನ ಎತ್ತರಕ್ಕಿಂತ ಒಂದು ಗೇಣು ಕಡಿಮೆ. ವರ್ಷಪೂರ್ತಿ ತೊಲೆಗೆ ತೂಗುತ್ತಿರುತ್ತದೆ. ಖಂಡೇಪೂಜೆಯ ದಿನ ಇಳಿಸಿ, ಕುಸುಬಿ ಎಣ್ಣೆ ಸವರಿ, ಪುಂಡಿ ನಾರಿನ ಹೊಸ ಹೆದೆ ಕಟ್ಟಿ, ಜಗಲಿಯ ಮೇಲೆ ಹನುಮಪ್ಪನ ಮುಂದೆ ಇಡುತ್ತೇವೆ. ಮರುದಿನ ಬನ್ನಿ ಕೊಟ್ಟು ತಗೊಂಡಾದ ಮೇಲೆ ಮನೆಯ ಹಿಂದಿನ ಹೊಲದ ಬದುವಿನ ಮೇಲೆ ಜೋಳದ ದಂಟಿನಿಂದ ಮಾಡಿದ ಒಂದು ಚಿಗರಿ ನಿಲ್ಲಿಸುತ್ತಾರೆ. ನಾಲ್ಕು ದಂಟು ಕಾಲಿಗೆ, ಹೊಟ್ಟೆಗೆ ಒಂದು ಸಿವುಡು, ಕೋಡಿಗೆ ಎರಡು ಜಾಲಿಕಡ್ಡಿ. ಇಪ್ಪತ್ತು ಹೆಜ್ಜೆ ದೂರದಿಂದ ಮನೆಯ ಹಿರಿಮಗ ಒಂದೇ ಒಂದು ಬಾಣ ಬಿಡಬೇಕು. ಬಾಣ ಎಲ್ಲಿಗೇ ಹೋಗಲಿ, ಸುತ್ತ ನಿಂತವರೆಲ್ಲ “ಬಿತ್ತು! ಬಿತ್ತು!” ಅಂತ ಕೂಗಬೇಕು. ತಪ್ಪಿತು ಅನ್ನುವ ಮಾತು ಅಲ್ಲಿ ಯಾರ ಬಾಯಿಂದಲೂ ಬರಕೂಡದು. ಬಂದರೆ ಮನೆಗೆ ಚಲೋದಲ್ಲ. ಕೂಗು ಕೇಳಿದ ಕೂಡಲೆ ನಾವು ಹೆಂಗಸರು ಒಳಗಿಂದ ಆರತಿ ತರಬೇಕು. ಆ ಚಿಗರಿ ದೀಪಾವಳಿ ಪಾಡ್ಯದವರೆಗೆ ಬದುವಿನ ಮೇಲೆ ನಿಂತಿದ್ದು ಆಮೇಲೆ ಎಮ್ಮೆಯ ಹೊಟ್ಟೆ ಸೇರುತ್ತದೆ.

ನಾನು ಆ ಮನೆಗೆ ಬಂದು ಇಪ್ಪತ್ತಕ್ಕಿಂತ ಹೆಚ್ಚು ದಸರೆ ಆದವು. ಒಂದು ಸಲವೂ ನಮ್ಮವರ ಬಾಣ ಆ ದಂಟಿಗೆ ತಾಗಿಲ್ಲ. ಒಂದು ವರ್ಷ ಹೋಗಿ ಎಮ್ಮೆ ಮೇವು ತಿನ್ನುವ ಗ್ವಾದಲಿಗೆ ನಟ್ಟಿತ್ತು. ಇನ್ನೊಂದು ವರ್ಷ ಬಾಣ ಎಲ್ಲಿ ಹೋಯಿತೆಂದೇ ಸಿಗಲಿಲ್ಲ, ಹದಿನೈದು ದಿನಕ್ಕೆ ತೊಗರಿ ಸಾಲಿನಲ್ಲಿ ಕಳೆ ತೆಗೆಯುವ ಹೆಣ್ಣುಮಗಳಿಗೆ ಸಿಕ್ಕಿತು. ಎಲ್ಲರೂ ಬಿತ್ತು ಬಿತ್ತು ಅಂತಲೇ ಕೂಗಿದೆವು. ಆರತಿ ಹಿಡಿದು ಹೊರಗೆ ಬರುವಾಗ ನಾನು ಮಾತ್ರ ಒಳಗೊಳಗೇ ಹನುಮಪ್ಪನಿಗೆ ಕೈ ಮುಗಿಯುತ್ತಿದ್ದೆ. ಇವರ ಕೈಯಿಂದ ಜೀವದ ಆಕಾರಕ್ಕೂ ಒಂದು ಪೆಟ್ಟು ಬೀಳಲಿಲ್ಲವಲ್ಲ ತಂದೆ, ಅಷ್ಟು ಸಾಕು ಅಂತ.

ಆಮೇಲೆ ಶುರುವಾಗುವುದು ಕಥೆಗಳು. ದಸರೆಯಿಂದ ದೀಪಾವಳಿತನಕ ರಜೆ ಸಿಕ್ಕಾಗಲೆಲ್ಲ ನಮ್ಮವರು, ಮೈದುನ, ಎದುರು ಮನೆಯ ಕಾಕಾ, ಮೂವರೂ ಕಮಲಾಪುರದ ಮನೆಯ ಕಟ್ಟೆ ಹಿಡಿಯುತ್ತಾರೆ. ಚೂಡಾ ಖಾಲಿಯಾಗುತ್ತದೆ, ಚಹಾ ಖಾಲಿಯಾಗುತ್ತದೆ, ಚಿಗರಿ ಮಾತ್ರ ಖಾಲಿಯಾಗುವುದಿಲ್ಲ.

“ಹಿಂಗ ಹೆದಿ ಎಳದೀನಿ,” ಅಂತ ಕಾಕಾ ಚಹಾದ ಬಸಿ ಕೆಳಗಿಟ್ಟು ಕಿವಿತನಕ ಕೈ ಎಳೆಯುತ್ತಾರೆ. “ಅದು ತಿರುಗಿ ನನ್ನ ಮಾರಿ ನೋಡ್ತು. ಖರೇ ಹೇಳ್ತೀನಿ, ಮೈಯಾಗ ಝುಮ್ ಅಂತು.”

“ಬಿಟ್ರೇನ ಕಾಕಾ?” ಮೈದುನ ಕೇಳುತ್ತಾನೆ.

“ಎಲ್ಲಿ ಬಿಡ್ತೀಯೊ. ಹೆದಿ ಹರದು ಹೋತು.”

“ಹೋದ ವರ್ಷ ಬಾಣ ಮುರದಿತ್ತಲ್ರಿ?”

“ಅದು ಬ್ಯಾರೆ ಚಿಗರಿ.”

ಕಥೆ ಮುಗಿದರೆ ಈ ವರ್ಷ ಹೇಗೆ ಹೋಗುವುದು ಅನ್ನುವ ಮಾತು. ನಮ್ಮವರು ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸುತ್ತಾರೆ. “ಅಮಾಸಿ ಕಳದ ಮೂರನೇ ದಿನ. ಹಿಂಗಾರಿ ಜ್ವಾಳ ಗೇಣುದ್ದ ಎದ್ದಿರ್ತದ, ಮೇಯಾಕ ಬಂದs ಬರ್ತಾವ. ನಾ ತೊಗರಿ ಸಾಲಿನ್ಯಾಗ ಕೂಡ್ತೀನಿ. ತಮ್ಮಾ, ನೀ ಹಳ್ಳದ ದಂಡಿಗಿ.”

“ಹಳ್ಳದ ದಂಡಿ ಬ್ಯಾಡಣ್ಣಾ, ಅಲ್ಲಿ ಹಾವ ಇರ್ತಾವ.”

“ಹಾವಿಗಿ ಅಂಜಂವ ಶಿಕಾರಿಗಿ ಬರ್ತಾನಂತ!”

ಅತ್ತೆ ಪಡಸಾಲೆಯಲ್ಲಿ ಕೂತು ತುಳಸಿಮಾಲೆ ಎಣಿಸುತ್ತಲೇ ಒಂದು ಮಾತು ಬಿಡುತ್ತಾರೆ, “ಈ ವರ್ಷ ಕೋಡು ಎಷ್ಟ ಮೊಳ ಆದ್ವೊ? ಹೋದ ವರ್ಷ ಎರಡಿದ್ವು.”

ಅಮಾವಾಸ್ಯೆ ಕಳೆದ ಮೂರನೇ ದಿನ ಬಂದರೆ ಕಾಕಾನ ಮೊಣಕಾಲು ಹಿಡಿದಿರುತ್ತದೆ. ಮೈದುನನ ಆಟೋ ಕೆಟ್ಟಿರುತ್ತದೆ. ನಮ್ಮವರಿಗೆ ಮಿಲ್ಲಿನಲ್ಲಿ ರಜೆ ಇರುವುದಿಲ್ಲ. ರಜೆ ಕೇಳಿದ್ದೇ ಸುಳ್ಳು ಅಂತ ನನ್ನ ಅನುಮಾನ. ಹೊಲಕ್ಕೆ ಹೋದವರು ಯಾರೂ ಇಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಮುಂದಿನ ವರ್ಷಕ್ಕೆ ಅದೇ ಗೆರೆ ಮತ್ತೆ ಎಳೆಯುತ್ತಾರೆ.

ಆದರೆ ನಮ್ಮವರದು ಒಂದು ಕಥೆ ಇದೆ. ಅದರಲ್ಲಿ ಹೆದೆ ಹರಿಯುವುದಿಲ್ಲ, ಚಿಗರಿ ಬೀಳುತ್ತದೆ. ಎಲ್ಲರದೂ ಮುಗಿದ ಮೇಲೆ ಹೇಳುತ್ತಾರೆ. ಆಗ ಕಾಕಾ ಕೂಡ ನಡುವೆ ಬಾಯಿ ಹಾಕುವುದಿಲ್ಲ, ಅತ್ತೆಯ ಮಾಲೆ ನಿಲ್ಲುತ್ತದೆ. ಮೈದುನ ಮೊಬೈಲಿನಲ್ಲಿ ಹಿಡಿದದ್ದು ಅದನ್ನೇ. ಬಸ್‌ಸ್ಟ್ಯಾಂಡಿಗೆ ಕರೆದೊಯ್ಯಲು ಆಟೋ ತಂದಾಗ ನನಗೆ ತೋರಿಸಿದ. ಅರ್ಧ ನಿಮಿಷದ್ದು. “ಬಿಟ್ಟೆ ನೋಡು, ಸೀದಾ ಪಕ್ಕೆಲಬಿಗಿ ನಟ್ಟತು. ಮನಿಗಿ ತಂದೆ, ಅಡಗಿ ಮಾಡಿಸಿದೆ, ಉಂಡ್ವಿ,” ಅನ್ನುತ್ತಾರೆ. ಇದು ಯಾವ ಕಾಲದ್ದು ಅನ್ನುವ ಮಾತೇ ಇಲ್ಲ. ಕಥೆ ಹೇಳುವಾಗ ಅವರಿಗೆ ಎಲ್ಲವೂ ಮೊನ್ನೆ ಆದದ್ದೇ. ಕೊನೆಗೆ ಮಾತ್ರ, “ಈ ಸಲ ಅಮಾಸಿ ಕಳದು ಮತ್ತ ಹೋಗೂದೈತಿ,” ಅಂತ ಸ್ಪಷ್ಟ ಕೇಳುತ್ತದೆ. ಹಿಂದೆ ಬದುವಿನಿಂದ ಯಾರದೋ ಮಕ್ಕಳು ಆಟಕ್ಕೆ “ಬಿತ್ತು ಬಿತ್ತು” ಅಂತ ಕೂಗುವುದೂ ಕೇಳುತ್ತದೆ.

“ಅಷ್ಟ ಚಂದ ಹೇಳ್ತಾನಂತ ಹಾಕಿದ್ನಿರಿ,” ಅಂದ ಮೈದುನ. ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಆಟೋ ಸ್ಟ್ಯಾಂಡಿನಲ್ಲೇ ಬಿಟ್ಟು ಅವನೂ ನನ್ನ ಜೊತೆ ಬಸ್ಸು ಹತ್ತಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಂಥ ದಿನ ಅಷ್ಟು ಸಿಕ್ಕದ್ದೂ ದೇವರ ದಯೆಯೇ. ಪಕ್ಕದವಳು, “ಹಬ್ಬಕ್ಕ ಊರಿಗೇನ್ರಿ?” ಅಂದಳು. ಹೂಂ ಅಂದೆ. ಉಗುರಿನ ಸಂದಿಯಲ್ಲಿ ಹುಣಸೆಯ ಕರಿ ಹಾಗೇ ಇತ್ತು. ಮುಖ ಆಚೆ ತಿರುಗಿಸಿಕೊಂಡೆ.

ಆ ಕಥೆಯ ನಿಜ ಲೋಕದಲ್ಲಿ ಇಬ್ಬರಿಗೇ ಗೊತ್ತು. ಅವರಿಗೆ ಮತ್ತು ನನಗೆ.

ನನ್ನ ಮದುವೆಯಾದ ಮರುವರ್ಷ ಮಾವ ಹಾಸಿಗೆ ಹಿಡಿದಿದ್ದರು. ಗಂಜಿ ಬಿಟ್ಟರೆ ಏನೂ ಸೇರುತ್ತಿರಲಿಲ್ಲ. ದಸರೆಯ ದಿನ ಕಿಟಕಿಯಿಂದ ನೋಡುತ್ತಿದ್ದರು. ಬಾಣ ಬದು ದಾಟಿ ಹೋಯಿತು. ನಾವೆಲ್ಲ ಕೂಗಿದೆವು. ಮಾವ ಕೂಗಲಿಲ್ಲ. ಸಂಜೆ ಮಗನನ್ನು ಕರೆದು, “ನಮ್ಮಪ್ಪ ಹೊಡದ, ನಾ ಹೊಡದೆ. ನಿನ್ನ ಕಾಲಕ್ಕ ಈ ಬಿಲ್ಲು ಕುಂಕುಮ ಹಚ್ಚಾಕಷ್ಟ ಉಳೀತು,” ಅಂದರು. ಆಮೇಲೆ ಸಣ್ಣ ಕೂಸಿನ ಹಾಗೆ, “ಒಂದ ತುತ್ತ ಚಿಗರಿ ಅಡಗಿ ತಿನ್ನಬೇಕನಸತೈತೊ,” ಅಂದರು. ಬಯ್ದಿದ್ದರೆ ತಡೆಯಬಹುದಿತ್ತು. ಕೇಳಿದರಲ್ಲ, ಅದು ಇವರಿಗೆ ತಡೆಯಲಾಗಲಿಲ್ಲ.

ಮೂರನೇ ದಿನ ನಸುಕಿಗೇ ಬಿಲ್ಲು ತಗೊಂಡು ಹೋದರು. ನಾನು ಹನುಮಪ್ಪನ ಮುಂದೆ ಕೂತಿದ್ದೆ. ಮಧ್ಯಾಹ್ನ ಬಾಳೆ ಎಲೆಯಲ್ಲಿ ಸುತ್ತಿದ ಗಂಟು ತಂದು ನನ್ನ ಕೈಗಿಟ್ಟು, “ಚಿಗರಿ,” ಅಂದರು. ತೊಳೆಯಲು ಬಿಚ್ಚಿದೆ. ತುಂಡುಗಳೆಲ್ಲ ಒಂದೇ ಅಳತೆ. ಎಲುಬು ಒಂದೇ ಏಟಿಗೆ ಕಡಿದದ್ದು. ಹೊಲದಲ್ಲಿ ಕುಡುಗೋಲಿನಿಂದ ಹಾಗೆ ಆಗುವುದಿಲ್ಲ, ಅದು ಅಂಗಡಿಯವನ ಕತ್ತಿ. ತಲೆ ಇಲ್ಲ, ತೊಗಲಿಲ್ಲ, ಒಂದು ತುಂಡಿಗೆ ಕರಿ ಮೇಕೆಯ ಕೂದಲು ಅಂಟಿತ್ತು. ತಲೆ ಎತ್ತಿ ಅವರ ಮುಖ ನೋಡಿದೆ. ಅವರು ಬಾಗಿಲು ಮುಂದೆ ಮಾಡಿದರು.

“ಬಂದಿತ್ತು ನೋಡ,” ಅಂದರು. “ಹೆಣ್ಣು. ಇಷ್ಟ ಹತ್ರ ಬಂದಿತ್ತು. ಬಿಡಾಕs ಆಗಲಿಲ್ಲ ನನಗ.”

ನನಗೆ ಆಗಿದ್ದು ಖುಷಿಯೇ. ಆದರೆ ಅವರು ನನ್ನ ಕೈ ಹಿಡಿದು ಹನುಮಪ್ಪನ ದೀಪದ ಹತ್ತಿರ ಎಳೆದುಕೊಂಡು ಹೋದರು. “ಈ ದೀಪ ಮುಟ್ಟಿ ಹೇಳು. ಇದು ನಿನ್ನ ಬಾಯಿಂದ ಎಂದೂ ಹೊರಗ ಬರಬಾರದು.” ದೀಪ ಮುಟ್ಟಿದೆ. “ಬರೂದಿಲ್ರಿ,” ಅಂದೆ.

ಅವತ್ತು ಅತ್ತೆ ಮಾಡಿದ್ದನ್ನು ನಾನು ಮರೆತಿಲ್ಲ. ಅತ್ತೆ ಪಂಢರಪುರದ ಮಾಲೆ ಹಾಕಿಸಿಕೊಂಡವರು. ಮಾಂಸ ತಿನ್ನುವುದು ಹಾಗಿರಲಿ, ಅದು ಬೇಯುವ ಕೋಣೆಗೂ ಬರುತ್ತಿರಲಿಲ್ಲ. ಅಂಥವರು ಅವತ್ತು ಮಾಲೆ ತೆಗೆದು ಗೂಟಕ್ಕೆ ಹಾಕಿ, ತಾವೇ ತುತ್ತು ಮಾಡಿ ಮಾವನ ಬಾಯಿಗಿಟ್ಟರು. ಮಾವ ಎರಡು ತುಂಡು ತಿಂದರು. “ಬಿಲ್ಲಿಗಿ ಮಾನ ಬಂತು,” ಅಂದರು. ಅದೇ ಕಾರ್ತಿಕದಲ್ಲಿ ತೀರಿಕೊಂಡರು. ಅವತ್ತಿನಿಂದ ಆ ಸುಳ್ಳು ನಮ್ಮ ಮನೆಯಲ್ಲಿ ಪೂಜೆಯ ಸಾಮಾನಿನ ಹಾಗೆ ಆಗಿಬಿಟ್ಟಿತು. ಕೆಳಗಿಡುವ ಹಾಗಿಲ್ಲ.

ಬಸ್ಸು ಕಮಲಾಪುರ ಮುಟ್ಟುವ ಹೊತ್ತಿಗೆ ನಾನು ನಿರ್ಧಾರ ಮಾಡಿದ್ದೆ. ಹೇಳಿಬಿಡುತ್ತೇನೆ. ಆಣೆ ಮುರಿದ ಪಾಪ ನನ್ನ ತಲೆಯ ಮೇಲಿರಲಿ, ಮನುಷ್ಯ ಜೈಲಿಗೆ ಹೋಗುವುದು ಬೇಡ. ಚಿಗರಿ ಕೇಸಿಗೆ ಬೇಗ ಜಾಮೀನೂ ಸಿಗುವುದಿಲ್ಲ ಅಂತ ಮೈದುನ ಆಗಲೇ ಯಾರಿಗೋ ಫೋನು ಮಾಡಿ ಕೇಳಿದ್ದ.

ಮನೆಯ ಮುಂದೆ ಜೀಪು ನಿಂತಿತ್ತು. ಓಣಿಯ ಮಂದಿ ನಿಂತಿದ್ದರು. ಕಟ್ಟೆಯ ಮೇಲೆ ಹುಲಿಯಂತೆ ಕೂಡುತ್ತಿದ್ದ ಕಾಕಾನ ಬಾಗಿಲು ಮುಚ್ಚಿತ್ತು. ಪಡಸಾಲೆಯಲ್ಲಿ ಒಬ್ಬ ಸಾಹೇಬರು ಕುರ್ಚಿಯ ಮೇಲೆ, ಇಬ್ಬರು ಗಾರ್ಡುಗಳು ನಿಂತಲ್ಲಿ. ಮೂವರೂ ಬೂಟು ಹೊಸ್ತಿಲ ಹೊರಗೆ ಬಿಟ್ಟಿದ್ದರು. ಅದು ಕಣ್ಣಿಗೆ ಬಿದ್ದಾಗ ಮನಸ್ಸು ತುಸು ಗಟ್ಟಿಯಾಯಿತು. ಬಿಲ್ಲು ಇಳಿಸಿ ಚಾಪೆಯ ಮೇಲೆ ಇಟ್ಟಿದ್ದರು. ನಮ್ಮವರು ಕಂಬಕ್ಕೆ ಆತು ನಿಂತಿದ್ದರು. ಅತ್ತೆ ಜಗಲಿಯ ಪಕ್ಕ ಕೂತಿದ್ದರು, ಕೈಯಲ್ಲಿ ಮಾಲೆ.

ಒಂದು ಮೂಲೆಯಲ್ಲಿ ನಿಂತೆ. ಸಾಹೇಬರು ಕೆಟ್ಟವರಾಗಿ ಕಾಣಲಿಲ್ಲ. ನಮ್ಮ ಕಡೆಯವರೇ.

“ಯಜಮಾನ್ರ, ಮತ್ತೊಮ್ಮೆ ಕೇಳ್ತೀನಿ. ಇದು ಬರೇ ಕಥಿ ಅಂದ್ರ ಕಥಿ ಅಂತ ಹೇಳ್ರಿ. ಸುಳ್ಳ ಅಂದ್ರ ಸುಳ್ಳ ಅನ್ರಿ.”

ನಮ್ಮವರು ಅತ್ತೆಯ ಕಡೆ ನೋಡಿದರು. “ಹೊಡದೀನ್ರಿ,” ಅಂದರು. “ಇಪ್ಪತ್ತ ವರ್ಷ ಆತು. ನಮ್ಮಪ್ಪಗ ಬೇಕಾಗಿತ್ತು.”

“ಇಪ್ಪತ್ತ ವರ್ಷ ಅಂತ ವಿಡಿಯೋದಾಗ ಎಲ್ಲೈತ್ರಿ? ಈ ಅಮಾಸಿಗಿ ಮತ್ತ ಹೋಗೂದೈತಿ ಅಂತ ಬ್ಯಾರೆ ಹೇಳೀರಿ.”

“ಅದು ಹಂಗs ಅಂತೀವ್ರಿ ಸಾಹೇಬ್ರ,” ಮೈದುನ ನಡುವೆ ಬಂದ. “ಪ್ರತಿ ವರ್ಷ ಅಂತೀವಿ. ಎಂದೂ ಹೋಗಿಲ್ಲ.”

“ಹೋಗಿಲ್ಲ ಅಂತೀರಿ ನೀವು, ಹೊಡದೀನಿ ಅಂತಾರ ಇವರು. ನಾ ಯಾರದು ಬರೀಲಿ?”

ಈಗ ಹೇಳಬೇಕು ಅಂತ ನಾನು ಬಾಯಿ ತೆರೆದೆ. ನಮ್ಮವರು ನನ್ನನ್ನು ನೋಡಿದರು. ಬೇಡ ಅಂತ ತಲೆ ಆಡಿಸಲಿಲ್ಲ, ಕಣ್ಣಿಂದ ಗದರಿಸಲೂ ಇಲ್ಲ. ಸುಮ್ಮನೆ ನೋಡಿದರು. ಜಗಲಿಯ ಮೇಲೆ ಅದೇ ದೀಪ ಉರಿಯುತ್ತಿತ್ತು. ಅದರ ಪಕ್ಕ ಅತ್ತೆ, ಮಾಲೆ ಹಿಡಿದ ಅದೇ ಬಲಗೈ. ಆ ಕೈಯಿಂದ ತುತ್ತು ಇಟ್ಟವರ ಎದುರು, ನೀವು ಇಟ್ಟದ್ದು ಅಂಗಡಿಯ ಮೇಕೆ ಅಂತ ಹೇಗೆ ಹೇಳುವುದು? ತೆರೆದ ಬಾಯಿ ಮುಚ್ಚಿಕೊಂಡೆ. ಅಷ್ಟು ಕೈಲಾಗದವಳು ನಾನು ಅಂತ ನನಗೆ ಅವತ್ತೇ ಗೊತ್ತಾದದ್ದು.

“ಅಕ್ಕಾರ, ಏನೋ ಹೇಳಬೇಕಂದ್ರಿ?” ಸಾಹೇಬರು ಕೇಳಿದರು.

“ಏನಿಲ್ರಿ,” ಅಂದೆ. ಆಮೇಲೆ ಅದು ಹೇಗೆ ಬಾಯಿಗೆ ಬಂತೋ, ಆ ಹನುಮಪ್ಪನೇ ಕೊಟ್ಟನೋ ಏನೋ. “ಹೇಳೂದೇನೂ ಇಲ್ರಿ. ಹಿಂದ ಬದುವಿನ ಮ್ಯಾಲ ದಂಟಿನ ಚಿಗರಿ ಇನ್ನೂ ನಿಂತೈತಿ. ಆ ಬಿಲ್ಲ ಒಮ್ಮೆ ಅವರ ಕೈಯಾಗ ಕೊಟ್ಟ ನೋಡ್ರಿ.”

ನಮ್ಮವರ ಮುಖದ ರಕ್ತ ಇಳಿದುಹೋಯಿತು. ಸಾಹೇಬರು ಒಂದು ಗಳಿಗೆ ನನ್ನನ್ನು ನೋಡಿ, “ನಡೀರಿ,” ಅಂತ ಎದ್ದರು.

ಹಿತ್ತಲ ಬಾಗಿಲಿನಿಂದ ಎಲ್ಲರೂ ಹೊರಗೆ ಹೋದೆವು. ಅತ್ತೆಯೂ ಗೋಡೆ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತರು. ಓಣಿಯ ಮಂದಿ ಸುತ್ತು ಬಳಸಿ ಬಂದು ನಿಂತರು. ತೊಗರಿ ಎದೆಮಟ್ಟ ಹೂವಾಗಿ ನಿಂತಿತ್ತು. ಬದುವಿನ ಮೇಲೆ ದಂಟಿನ ಚಿಗರಿಯ ಒಂದು ಕೋಡು ವಾಲಿತ್ತು. ಗಾರ್ಡ್ ಇಪ್ಪತ್ತು ಹೆಜ್ಜೆ ಅಳೆದ.

ನಮ್ಮವರು ಬಿಲ್ಲು ಎತ್ತಿದರು. ಎಳೆದರು. ಮುಖದಲ್ಲಿ ಬೆವರು. ನಿಜ ಹೇಳುತ್ತೇನೆ, ಅವತ್ತು ಅವರು ತಾಗಿಸಬೇಕೆಂದೇ ಎಳೆದರು. ಅಷ್ಟು ವರ್ಷದಲ್ಲಿ ಅಷ್ಟು ಹೊತ್ತು ಗುರಿ ಹಿಡಿದದ್ದು ನಾನು ನೋಡಿಲ್ಲ. ತಾಗಿದರೆ ಜೈಲು ಅನ್ನುವುದನ್ನು ಆ ಮನುಷ್ಯ ಮರೆತೇಬಿಟ್ಟಿದ್ದರು. ಹನುಮಪ್ಪಾ, ಇಷ್ಟು ವರ್ಷ ತಪ್ಪಿಸಿದೀಯ, ಇದೊಂದು ತಪ್ಪಿಸು ಅಂದೆ.

ಬಾಣ ಚಿಗರಿಯ ಬೆನ್ನಿನ ಮೇಲಿಂದ ಒಂದು ಮಾರು ಎತ್ತರಕ್ಕೆ ಹಾರಿ ತೊಗರಿಯೊಳಗೆ ಹೋಯಿತು.

“ಬಿತ್…” ಅಂತ ಮೈದುನನ ಬಾಯಿಂದ ರೂಢಿಯ ಮೇಲೆ ಅರ್ಧ ಬಂತು. ಅಲ್ಲಿಗೆ ನುಂಗಿಕೊಂಡ. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಕೂಗುವ ಹಾಗಿಲ್ಲ, ಸುಮ್ಮನಿರುವ ಹಾಗೂ ಇಲ್ಲ. ಆ ಬಯಲಿನಲ್ಲಿ ಬಾಣ ಬಿಟ್ಟ ಮೇಲೆ ಯಾರೂ ಕೂಗದೆ ನಿಂತದ್ದು ಅದೇ ಮೊದಲು.

“ತಪ್ಪತು,” ಅಂತ ಒಂದು ದನಿ ಬಂತು.

ಅತ್ತೆ. ಮೆಟ್ಟಿಲ ಮೇಲಿಂದ. ಆ ಮಾತನ್ನು ಆ ಮನೆಯಲ್ಲಿ ಯಾರೂ ಆಡಬಾರದು ಅಂತ ನನಗೆ ಕಲಿಸಿದವರೇ ಅವರು.

“ತಪ್ಪತು ಸಾಹೇಬ. ಎಲ್ಲಾರೂ ನೋಡೀರಿ. ನನ್ನ ಮಗನ ಬಾಣ ಎಂದೂ ತಾಗಿಲ್ಲ. ಬರಕೋ.”

ನಮ್ಮವರು ಬಿಲ್ಲು ಕೆಳಗಿಟ್ಟು ನಿಂತಲ್ಲೇ ಕೂತುಬಿಟ್ಟರು. ಮುಖ ಮೊಣಕಾಲಿಗೆ ಒತ್ತಿಕೊಂಡಿದ್ದರು.

ಸಾಹೇಬರು ನನ್ನ ಹತ್ತಿರ ಬಂದು ಮೆಲ್ಲಗೆ, “ಅಕ್ಕಾರ, ನನಗ ತಿಳೀತು. ಆದ್ರ ಇವತ್ತ ತಪ್ಪಿತು ಅಂದ್ರ ಅವತ್ತೂ ತಪ್ಪಿತ್ತು ಅಂತ ನಾ ಹೆಂಗ ಬರೀಲಿ? ವಿಡಿಯೋ ಮ್ಯಾಲಿನ ಆಫೀಸಿಗಿ ಮುಟ್ಟೈತಿ. ನೋಡಿದ್ದನ್ನ ಬರೀತೀನಿ. ಮುಂದಿಂದು ನನ್ನ ಕೈಯಾಗಿಲ್ಲ,” ಅಂದರು. ಬಿಲ್ಲು ಜಪ್ತಿ ಮಾಡಿದರು. ಚಾಪೆಯಲ್ಲೇ ಸುತ್ತಿಕೊಂಡು ಜೀಪಿಗೆ ಹಾಕಿದರು. ಕರೆದಾಗ ಬರಬೇಕು, ಜಿಲ್ಲೆ ಬಿಟ್ಟು ಹೋಗಬಾರದು ಅಂತ ಬರೆಸಿಕೊಂಡು ನಮ್ಮವರ ಸಹಿ ಹಾಕಿಸಿದರು. ಯಾವಾಗ ಕರೆಯುತ್ತಾರೆ ಅಂತ ಕೇಳಿದೆ. “ಹೇಳಾಕ ಬರೂದಿಲ್ರಿ,” ಅಂದರು. ಜೈಲು ಇಲ್ಲ ಅಂತಲೂ ಹೇಳಲಿಲ್ಲ, ಇದೆ ಅಂತಲೂ ಹೇಳಲಿಲ್ಲ. ಸದ್ಯಕ್ಕೆ ಮನುಷ್ಯನನ್ನು ಬಿಟ್ಟು ಹೋದರಲ್ಲ, ನಾನು ಅದಕ್ಕೇ ಕೈ ಮುಗಿದೆ.

ಜೀಪು ಹೋದ ಮೇಲೆ ಕಾಕಾನ ಬಾಗಿಲು ತೆರೆಯಿತು. ಯಾರೂ ಅವರ ಕಡೆ ನೋಡಲಿಲ್ಲ.

ಹೊರಡುವ ಮುಂಚೆ ಅತ್ತೆ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ನನ್ನ ಚೀಲಕ್ಕೆ ಹಾಕಿದರು. ಕಮಲಾಪುರಕ್ಕೆ ಹೋದವರು ಅದಿಲ್ಲದೆ ಹಿಂದಿರುಗುವುದಿಲ್ಲ. ಚೀಲದ ಬಾಯಿ ಕಟ್ಟುತ್ತ, ತಲೆ ಎತ್ತದೆ ಕೇಳಿದರು.

“ಅವತ್ತಿನ ಅಡಗಿ ನೀನೇ ಮಾಡಿದ್ದೆಲ್ಲ ಯವ್ವಾ. ಉಪ್ಪು ಖಾರ ಬರೋಬರಿ ಇತ್ತ?”

“ಇತ್ರಿ ಅತ್ತಿ.”

“ರುಚಿ ಮಾಡಿ ಉಂಡ್ರಲ್ಲ ಅವರು.”

“ಹೂನ್ರಿ. ಎರಡ ತುಂಡ ಉಂಡ್ರು.”

“ಹಂಗಾದ್ರ ಆತು ಬಿಡು,” ಅಂದರು. ಗಂಟು ಬಿಗಿ ಮಾಡಿದರು. ಅವರಿಗೆ ಮೊದಲೇ ಗೊತ್ತಿತ್ತೋ, ಬಾಣ ತಪ್ಪಿದಾಗ ಗೊತ್ತಾಯಿತೋ, ಸುಮ್ಮನೆ ಕೇಳಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ಬಸ್ಸಿನಲ್ಲಿ ನಮ್ಮವರು ನನ್ನ ಪಕ್ಕ ಕೂತರು. ಮೈದುನ ಹಿಂದಿನ ಸೀಟಿನಲ್ಲಿ ಕೂತು ಒಂದೊಂದಾಗಿ ಮೊಬೈಲಿನಿಂದ ಅಳಿಸುತ್ತಿದ್ದ. ಬೇರೆಯವರ ಮೊಬೈಲಿನಲ್ಲಿ ಇರುವುದನ್ನು ಅಳಿಸಲು ಬರುವುದಿಲ್ಲ ಅಂತ ಅವನೇ ಹೇಳಿದ. ನಾನು ಲೆಕ್ಕ ಹಾಕುತ್ತ ಬಂದೆ. ಮಾತು ನನ್ನ ಬಾಯಿಂದ ಹೋಗಲಿಲ್ಲ. ಆದರೆ ಬಿಲ್ಲು ಕೈಗೆ ಕೊಡಿ ಅಂದವಳು ನಾನೇ. ಅದನ್ನು ಆಣೆ ಉಳಿಸಿದ್ದು ಅನ್ನಬೇಕೋ, ಮುರಿದದ್ದು ಅನ್ನಬೇಕೋ? ಹನುಮಪ್ಪನೇ ಹೇಳಬೇಕು. ಅವನು ಇನ್ನೂ ಹೇಳಿಲ್ಲ.

ಕುಸನೂರಿನ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಬಚ್ಚಲಲ್ಲಿ ಹಂಡೆ ಬಿಟ್ಟು ಹೋದ ಹಾಗೇ ಇತ್ತು. ಒಂದು ಮಗ್ಗುಲು ಕೆಂಪಗೆ. ಹುಣಸೆ ಹಚ್ಚಿ ಬಿಟ್ಟ ಮಗ್ಗುಲು ಒಣಗಿ, ಹಸಿರು ಕಪ್ಪು ಕಲೆ ಹಿಡಿದಿತ್ತು. ಇನ್ನು ಮೊದಲಿನಿಂದ ತಿಕ್ಕಬೇಕು. ಅದನ್ನು ನೋಡುತ್ತ ನಿಂತಿದ್ದೆ. ಹಿಂದೆ ನಮ್ಮವರು ಬಂದು ನಿಂತರು.

“ತಿಕ್ಕಾಕ ನಾ ಹಂಡೆ ಹಿಡೀಲ್ಯಾ?” ಅಂದರು. ಕಮಲಾಪುರದಿಂದ ಇಲ್ಲಿತನಕ ಅದೇ ಮೊದಲ ಮಾತು.

“ನಾಳಿ ಹಿಡೀರಿ,” ಅಂದೆ. “ಇವತ್ತ ನನ್ನ ಕೈ ಏಳೂದಿಲ್ಲ.”

ಅವರು ಹೋಗಿ ಹೊರಗೆ ಕೂತರು. ಮರುದಿನ ಶನಿವಾರ, ಹನುಮಪ್ಪನ ವಾರ. ನೋಡಿದರೆ ದೀಪಕ್ಕೆ ಒಂದೂ ಬತ್ತಿ ಇರಲಿಲ್ಲ. ಉಗುರಿನ ಕರಿ ಹೋಗುವ ತನಕ ಕೈ ತೊಳೆದು, ಡಬ್ಬಿಯಿಂದ ಹತ್ತಿ ತೆಗೆದು, ಕಾಳು ಬಿಡಿಸಿ ಬತ್ತಿ ಹೊಸೆಯಲು ಕೂತೆ.